ಬಲದಿಂದ ಎಡಕ್ಕೆ

ಹನ್ನೊಂದು ವರ್ಷದಿಂದ ಕಲಬುರಗಿಯಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಓದಲು ತಿಣುಕುವ ವಕೀಲ ಅಂದರೆ ನಗುತ್ತೀರಿ. ನನ್ನ ಕಣ್ಣಿಗೇನೂ ಆಗಿಲ್ಲ. ಅಕ್ಷರ ಕಂಡ ಕೂಡಲೇ ಅದರ ಸದ್ದು ಬಾಯಿಗೆ ಬರಬೇಕಲ್ಲ, ಆ ದಾರಿ ನನಗೆ ಬಲು ನಿಧಾನ. ದ ಮತ್ತು ಧ ನಡುವಿನ ಒಂದು ಸೀಳು, ಪ ಮತ್ತು ಷ ನಡುವಿನ ಒಂದು ಗೀರು ಸಾಕು ಎಡವಲು. ಒತ್ತಕ್ಷರ ಬಂದರೆ ನಿಂತೇಬಿಡುತ್ತೇನೆ. ಶಾಲೆಯಲ್ಲಿ ಇದಕ್ಕೆ ದಡ್ಡತನ ಅಂತಿದ್ದರು. ಡಿಸ್ಲೆಕ್ಸಿಯಾ ಅನ್ನೋ ಹೆಸರು ಕೇಳಿದ್ದು ಎಲ್ಎಲ್‌ಬಿ ಮುಗಿದ ಮೇಲೆ.

ಆದ್ದರಿಂದ ನಾನು ಕಿವಿಯಿಂದ ಓದುತ್ತೇನೆ. ಸಂಜೆ ಗುಮಾಸ್ತ ಕಡತವನ್ನು ಗಟ್ಟಿಯಾಗಿ ಓದುತ್ತಾನೆ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಬೆಳಿಗ್ಗೆ ಸೇಡಂ ರಸ್ತೆಯಲ್ಲಿ ವಾಕಿಂಗ್ ಮಾಡುತ್ತಾ ಕೇಳುತ್ತೇನೆ. ಅವನಿಗೆ ಹೇಳಿದ ಕಾರಣ ಕಣ್ಣು ನೋವು. ಹನ್ನೊಂದು ವರ್ಷ ಕಣ್ಣು ನೋವು ಅಂದರೆ ಅವನಿಗೂ ಗೊತ್ತಾಗಿರಬೇಕು ಬಿಡಿ. ತಮಾಷೆ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ತೊಡಕೂ ಇದೆ ಅಂತ ಎಷ್ಟೋ ತಂದೆತಾಯಿಗೆ ನಾನೇ ತಿಳಿಸಿದ್ದೇನೆ. ನನ್ನ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ.

ಏಪ್ರಿಲ್‌ನ ಒಂದು ದಿನ. ಬೆಳಿಗ್ಗೆಯೇ ಕೊರಳ ಬ್ಯಾಂಡ್ ಬೆವರಿಗೆ ಅಂಟಿಕೊಂಡಿತ್ತು. ಹೊಲದ ದಾವೆ. ಕಾಗದ ಫಸಲಿ 1345ರದ್ದು. ಫಸಲಿ ಅಂದರೆ ಕಂದಾಯ ಲೆಕ್ಕದ ಹಳೆಯ ವರ್ಷ. 590 ಕೂಡಿಸಿದರೆ 1935ರ ಸುಮಾರು. ಆಗ ಇದು ನಿಜಾಮರ ಸೀಮೆ, ಕಾಗದವೆಲ್ಲ ಉರ್ದು. ಎದುರಿನವರು ಅದರ ಕನ್ನಡ ಅನುವಾದವನ್ನು ಅವತ್ತೇ ತಂದು ಕೊಟ್ಟರು. ಅನುವಾದ ಮಾಡಿದ ಹಿರಿಯರು ಸಾಕ್ಷಿ ಕಟ್ಟೆಯಲ್ಲಿದ್ದರು.

"ವಕೀಲರೇ, ನಿಮ್ಮ ತಕರಾರು ಇರೋ ಪ್ಯಾರಾ ಓದಿ" ಅಂದರು ನ್ಯಾಯಾಧೀಶರು.

ಕೇಳಿರದ ಹಾಳೆ. ಹೊಲದ ನಾಲ್ಕೂ ಗಡಿ ಹೇಳುವ ಚಕ್ಕುಬಂದಿಯಲ್ಲಿ ಒಮ್ಮೆ ಮುಗ್ಗರಿಸಿದೆ, ಹಿಂದಕ್ಕೆ ಹೋದೆ, ಮತ್ತೆ ಅಲ್ಲೇ ಬಿದ್ದೆ. ಸರ್ವೆ ನಂಬರ್ 136 ಇದ್ದದ್ದು ಬಾಯಲ್ಲಿ 163 ಆಯಿತು.

"ಯಾವ ಹೊಲಕ್ಕ ಹೊಂಟೀರಿ ವಕೀಲ್ರ?" ಅಂದರು ಎದುರಿನ ವಕೀಲರು. ಹಿಂದಿನ ಬೆಂಚುಗಳಲ್ಲಿ ನಗು.

ಕಣ್ಣು ನೋವು ಅನ್ನಲು ಬಾಯಿ ತೆರೆದೆ. ಯಾಕೋ ಬೇಜಾರಾಯಿತು ಅದೇ ಸುಳ್ಳು ಹೇಳಿ ಹೇಳಿ.

"ಸ್ವಾಮಿ, ನನಗೆ ಡಿಸ್ಲೆಕ್ಸಿಯಾ ಇದೆ. ಜೂನಿಯರ್ ಓದಲಿ, ಪ್ರಶ್ನೆ ನಾನು ಕೇಳುತ್ತೇನೆ."

ನ್ಯಾಯಾಧೀಶರು ಒಂದು ಕ್ಷಣ ನೋಡಿದರು. "ಸರಿ, ಓದಲಿ" ಅಂದರು. ಅಷ್ಟೇ. ಇಷ್ಟು ವರ್ಷ ಹೆದರಿದ್ದಕ್ಕೆ ಇನ್ನೇನಾದರೂ ಆಗಬೇಕಿತ್ತು ಅನ್ನಿಸಿ ಸುಮ್ನೆ ನಿಂತೆ.

ಆಮೇಲೆ ಮೂಲ ಕಾಗದ ಬಂತು. ನ್ಯಾಯಾಧೀಶರಿಗೆ ಉರ್ದು ಬಾರದು, ನನಗೆ ಬಾರದು, ನಕ್ಕ ವಕೀಲರಿಗೂ ಬಾರದು. ಹಿರಿಯರು ಕನ್ನಡಕ ಏರಿಸಿಕೊಂಡರು. ಮಾಸಿದ ಶಾಯಿ. ಬಲದಿಂದ ಎಡಕ್ಕೆ ಬೆರಳು ಸರಿಸುತ್ತಾ ಓದಿದರು. ಅಂಕಿ ಬಂದಾಗ ಬೆರಳು ಎಡದಿಂದ ಬಲಕ್ಕೆ ತಿರುಗಿತು, ಉರ್ದುವಿನಲ್ಲಿ ಅಂಕಿ ಹಾಗೇ. ಒಂದು ಪದಕ್ಕೆ ನಿಂತರು, ಹಿಂದಕ್ಕೆ ಹೋದರು, ಮತ್ತೆ ಓದಿದರು. ನಾನು ಮಾಡುವುದೂ ಅದೇ. ಕೋರ್ಟ್ ಹಾಲ್ ಪೂರ್ತಿ ಬಾಯಿ ಮುಚ್ಚಿ ಕಾಯಿತು. ಯಾರೂ ನಗಲಿಲ್ಲ.

ದಾವೆ ಮುಂದಿನ ತಾರೀಖಿಗೆ ಹೋಯಿತು, ಮಾಮೂಲಿ. ಹೊರಗೆ ಚಹಾ ಅಂಗಡಿಯಲ್ಲಿ ಆ ಹಿರಿಯರು ಸಿಕ್ಕರು. ಜೇಬಿನಿಂದ ಮಡಚಿದ ಹಾಳೆ ತೆಗೆದರು. ಮನೆ ತೆರಿಗೆಯ ನೋಟಿಸು.

"ನನಗ ಕನ್ನಡ ಓದಾಕ ಬರಂಗಿಲ್ರಿ ವಕೀಲ್ ಸಾಬ್. ಬಾಯಿಲೆ ಹೇಳ್ತೀನಿ, ಮಗಳು ಬರೀತಾಳ. ಇದರಾಗ ಏನೈತಿ ನೋಡ್ರಿ."

"ನಂದು ನಿಧಾನ್ರಿ ಚಾಚಾ. ಒಳಗ ನೋಡೀರಲ್ಲ."

"ಅವಸರ ಯಾರಿಗದ?"

ಬೆರಳಿಟ್ಟು ಓದಿದೆ. ಇನ್ನೊಂದು ಸಲ ಓದಿದೆ. ಎರಡೂ ಸಲ ಅದೇ ಬಂತು.

"ಮೂವತ್ತು ದಿನದಾಗ ಕಟ್ಟಬೇಕಂತ್ರಿ" ಅಂದೆ.