ಪ್ರಿಂಟರ್ ಕೆಟ್ಟಿರಲಿಲ್ಲ

ಮೆಕ್ಕೆಜೋಳದ ಸೀಸನ್‌ನ ಒಂದು ಬುಧವಾರ ಸಾಹುಕಾರರಿಗೆ ‘ಪ್ರಿಂಟರ್ ಕೈಕೊಟ್ಟಿದೆ, ಹತ್ತು ನಿಮಿಷ ಕೊಡಿ’ ಅಂತ ಹೇಳಿದೆ. ಪ್ರಿಂಟರ್ ಚೆನ್ನಾಗಿಯೇ ಇತ್ತು. ಕೈಕೊಟ್ಟಿದ್ದು ನಾನು.

ನಮ್ಮದು ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ದಲ್ಲಾಳಿ ಅಂಗಡಿ. ಲಾಟ್ (ಮಾರಾಟಕ್ಕೆ ಬಂದ ಒಂದೊಂದು ರಾಶಿ), ತೂಕ, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ), ಮುಂಗಡ ಎಲ್ಲವೂ ಎಕ್ಸೆಲ್‌ನಲ್ಲಿತ್ತು. ಒಬ್ಬರು ಏಳು ಲಾಟ್ ತಂದರೆ ಅವರ ಹೆಸರು, ಊರು, ಮೊಬೈಲ್ ಏಳು ಸಲ ಬರೆಯಬೇಕು. ಅದರಲ್ಲಿ ಎರಡು ಸಲವಾದರೂ ತಪ್ಪಾಗುತ್ತಿತ್ತು. ‘ಆಕ್ಸೆಸ್ ಅಂತ ಒಂದು ಆಫೀಸ್ ಜೊತೆಗೇ ಬಂದೈತಂತಲ್ಲ, ದುಡ್ಡು ಕೊಟ್ಟಿದ್ದನ್ನ ಸುಮ್ನೆ ಯಾಕೆ ಇಟ್ಕೋಬೇಕು’ ಅಂದರು ಸಾಹುಕಾರರು. ಆಕ್ಸೆಸ್ ಅಂದರೆ ಮಾಹಿತಿಯನ್ನು ಬೇರೆಬೇರೆ ಟೇಬಲ್‌ಗಳಲ್ಲಿಟ್ಟು ಒಂದಕ್ಕೊಂದು ಜೋಡಿಸುವ ಡೇಟಾಬೇಸ್ ಸಾಫ್ಟ್‌ವೇರ್. ಕಲಿಯೋಕೆ ಅವರು ಕೊಟ್ಟ ಸಮಯ ಒಂದು ಭಾನುವಾರ. ಅದು ನನ್ನದೇ ರಜೆ.

ಆಕ್ಸೆಸ್‌ನ ಟೇಬಲ್ ನೋಡೋಕೆ ಎಕ್ಸೆಲ್ ಶೀಟಿನ ಹಾಗೇ ಇರುತ್ತದೆ. ನಾನು ಮೋಸ ಹೋಗಿದ್ದೇ ಅಲ್ಲಿ. ಎಕ್ಸೆಲ್‌ನಲ್ಲಿ ಏನಾದರೂ ಎಡವಟ್ಟಾದರೆ ಸೇವ್ ಮಾಡದೆ ಮುಚ್ಚಿಬಿಡುವುದು ನನ್ನ ಹಳೇ ಚಾಳಿ. ಆಕ್ಸೆಸ್‌ನಲ್ಲಿ ಒಂದು ಸಾಲು ಬರೆದು ಕರ್ಸರ್ ಮುಂದಿನ ಸಾಲಿಗೆ ಇಳಿಯಿತು ಅಂದರೆ ಮುಗಿಯಿತು, ಅದು ಫೈಲ್‌ಗೆ ಸೇರಿಹೋಯಿತು. ಸೇವ್ ಮಾಡಲಾ ಅಂತ ಯಾರೂ ಕೇಳುವುದಿಲ್ಲ.

ಮೊದಲ ವಾರವೇ ಒಂದು ಪೆಟ್ಟು ಬಿತ್ತು. ಮೊಬೈಲ್ ನಂಬರ್ ಅಂದಮೇಲೆ ನಂಬರ್ ತಾನೇ ಅಂತ ಆ ಕಾಲಂಗೆ ಡೇಟಾ ಟೈಪ್ ‘ನಂಬರ್’ ಇಟ್ಟೆ. ಅದು ತಾನಾಗೇ ಲಾಂಗ್ ಇಂಟಿಜರ್ ಅನ್ನೋ ಪೂರ್ಣಾಂಕದ ನಮೂನೆ ಆಗುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ದೇಶದ ಮೊಬೈಲ್ ನಂಬರ್‌ಗಳು ಹತ್ತಂಕಿಯವು, 6, 7, 8 ಇಲ್ಲವೇ 9ರಿಂದ ಶುರುವಾಗುತ್ತವೆ, ಒಂದೂ ಒಳಗೆ ಹೋಗಲಿಲ್ಲ. ಯಾಕೆ ಅಂತ ತಿಳಿಯದೆ ಆ ಜಾಗ ಖಾಲಿ ಬಿಟ್ಟು ಐವತ್ತು ಜನರನ್ನು ಸೇರಿಸಿದೆ. ಆಮೇಲೆ ಯಾರೋ ಹೇಳಿಕೊಟ್ಟರು, ಕೂಡಿಸಿ ಕಳೆಯದ ನಂಬರ್ ನಂಬರೇ ಅಲ್ಲ, ಅಕ್ಷರಗಳ ಹಾಗೆ ಶಾರ್ಟ್ ಟೆಕ್ಸ್ಟ್ ಇಡು ಅಂತ. ಇಟ್ಟೆ. ಖಾಲಿ ಇದ್ದವು ಮಾತ್ರ ಖಾಲಿಯೇ ಉಳಿದವು.

ಆಮೇಲೆ ರಿಲೇಶನ್‌ಶಿಪ್, ಅಂದರೆ ಯಾವ ಲಾಟ್ ಯಾವ ರೈತರದ್ದು ಅಂತ ಎರಡು ಟೇಬಲ್ ಜೋಡಿಸುವುದು. ರೈತರ ಟೇಬಲ್‌ನಿಂದ ಐಡಿಯನ್ನು ಎಳೆದು ಲಾಟ್ ಟೇಬಲ್ ಮೇಲೆ ಬಿಟ್ಟರೆ ಒಂದು ಬಾಕ್ಸ್ ಬರುತ್ತದೆ. ಅದರಲ್ಲಿ ಮೂರು ಟಿಕ್: ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟೆಗ್ರಿಟಿ, ಕ್ಯಾಸ್ಕೇಡ್ ಅಪ್‌ಡೇಟ್, ಕ್ಯಾಸ್ಕೇಡ್ ಡಿಲೀಟ್. ಒಂದೂ ಅರ್ಥವಾಗಲಿಲ್ಲ. ಇಷ್ಟು ದೊಡ್ಡ ಹೆಸರಿನವು ಕೆಟ್ಟದ್ದು ಮಾಡುತ್ತವಾ ಅಂತ ಮೂರಕ್ಕೂ ಟಿಕ್ ಹಾಕಿದೆ.

ಬುಧವಾರ ಟೆಂಡರ್‌ಗೆ ಇನ್ನೂ ಟೈಮ್ ಇತ್ತು. ಸುಮ್ನೆ ಕೂರಲಾರದೆ ರೈತರ ಟೇಬಲ್ ಕ್ಲೀನ್ ಮಾಡೋಣ ಅಂತ ಕೂತೆ. ಆನಗೋಡು ಕಡೆಯ ಒಬ್ಬರು, ಹನುಮಂತಪ್ಪ ಅಂತಿಟ್ಟುಕೊಳ್ಳಿ, ಎರಡು ಸಲ ಇದ್ದರು. ಹೆಸರು ಇಂಗ್ಲಿಷ್‌ನಲ್ಲಿ ಬರೆಯುತ್ತೇವೆ. ನಾನು ‘ಟಿ’ ಪಕ್ಕ ‘ಎಚ್’ ಹಾಕಿದ್ದೆ, ಗುಮಾಸ್ತರು ಹಾಕಿರಲಿಲ್ಲ. ಒಂದರಲ್ಲಿ ಮೊಬೈಲ್ ಇತ್ತು, 43ನೇ ಐಡಿಯದರಲ್ಲಿ ಇರಲಿಲ್ಲ. ಖಾಲಿ ಇದ್ದದ್ದು ವೇಸ್ಟ್, ಅಲ್ವಾ? ಡಿಲೀಟ್ ಒತ್ತಿದೆ. ಇಂಗ್ಲಿಷ್‌ನಲ್ಲಿ ಉದ್ದನೆಯ ಮೆಸೇಜ್ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಅದರಲ್ಲಿದ್ದ 1 ಅನ್ನೋ ಅಂಕಿ ಮಾತ್ರ. ಒಂದೇ ತಾನೇ. ಯೆಸ್ ಒತ್ತಿ ಚಹಾಕ್ಕೆ ಹೋದೆ.

ನಾಲ್ಕು ಗಂಟೆಗೆ ಅದೇ ಹನುಮಂತಪ್ಪನವರು ಬಂದರು. ಮುಂಗಡ ಕಳೆದು ಉಳಿದ ದುಡ್ಡು ಬೇಕಿತ್ತು. ಪಟ್ಟಿ ತೆಗೆದೆ. ಹೆಸರು ಬಂತು, ಮೊಬೈಲ್ ಬಂತು, ಕೆಳಗೆ ಬೆಳ್ಳಗೆ ಖಾಲಿ. ಮೊತ್ತದ ಜಾಗದಲ್ಲೂ ಏನೂ ಇಲ್ಲ. ಮತ್ತೆ ತೆಗೆದೆ. ಅದೇ.

ಲಾಟ್‌ಗಳೆಲ್ಲ ಆ 43ರ ಹೆಸರಿಗೇ ಇದ್ದವು ಅಂತ ಆಗ ಹೊಳೆಯಿತು. ಕ್ಯಾಸ್ಕೇಡ್ ಡಿಲೀಟ್ ಅಂದರೆ ರೈತರನ್ನು ಅಳಿಸಿದರೆ ಜೊತೆಗೆ ಅವರ ಲಾಟ್‌ಗಳನ್ನೂ ಅಳಿಸುವುದು. ಕಂಟ್ರೋಲ್ ಝಡ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ ಒತ್ತಿದೆ, ಗಟ್ಟಿಯಾಗಿ ಒತ್ತಿದರೆ ಕೇಳುತ್ತೇನೋ ಅನ್ನೋ ಹಾಗೆ. ಕಿವಿ ಬಿಸಿಯಾಯಿತು. ‘ಯಾಕ್ ತಮ್ಮಾ, ನನ್ ಪಟ್ಟಿ ಇನ್ನೂ ಬರ್ಲಿಲ್ಲೇನು?’ ಅಂತ ಅವರು ಬಗ್ಗಿ ಸ್ಕ್ರೀನ್ ನೋಡಿದರು. ನಾನು ಮಾನಿಟರನ್ನು ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡೆ. ಗಾದಿ ಮೇಲಿಂದ ಸಾಹುಕಾರರು ‘ಏನಾತೋ?’ ಅಂದರು. ಪ್ರಿಂಟರ್ ಮಾತು ಬಾಯಿಗೆ ಬಂದಿದ್ದು ಆಗಲೇ.

ಪೆನ್‌ಡ್ರೈವ್‌ನಲ್ಲಿ ಬ್ಯಾಕಪ್ ಇತ್ತು, ಶನಿವಾರದ್ದು. ಅದರಲ್ಲಿ ಮೂರು ಲಾಟ್ ಸಿಕ್ಕವು. ಸೋಮವಾರ, ಮಂಗಳವಾರದ ನಾಲ್ಕು ಇಲ್ಲ. ಗುಮಾಸ್ತರಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು ಅನಿಸುತ್ತದೆ. ಏನೂ ಕೇಳದೆ ಗೋಡೆಗೆ ನೇತುಹಾಕಿದ ತಂತಿ ತಂದು ಮುಂದಿಟ್ಟರು. ತೂಕದ ಚೀಟಿಗಳನ್ನು ಅವರು ಇವತ್ತಿಗೂ ಅದಕ್ಕೇ ಚುಚ್ಚುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಯಾಕೆ ಅಂತ ನಾನೇ ಎರಡು ಸಲ ನಕ್ಕಿದ್ದೆ. ಮೇಲಿನಿಂದ ಒಂದೊಂದೇ ಎಳೆದೆ, ಮಧ್ಯದಲ್ಲಿ ತೂತು, ಜೋಳದ ಧೂಳು. ಮೂರು ಚೀಟಿ ಸಿಕ್ಕವು. ನಾಲ್ಕನೆಯದು ಇಲ್ಲ.

ಕೊನೆಗೆ ಹನುಮಂತಪ್ಪನವರನ್ನೇ ಕೇಳಿದೆ. ಅವರು ಅಂಗಿ ಗುಂಡಿ ಬಿಚ್ಚಿ, ಬನಿಯನ್ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ಚೀಟಿ ಬಿಚ್ಚುವ ಮೊದಲೇ ಬಾಯಲ್ಲಿ ಹೇಳಿದರು: ‘ಮೂವತ್ತೆಂಟು ಚೀಲ. ತೇವ ಐತೆ ಅಂತ ರೇಟ್ ಇಳಿಸಿದ್ರಿ.’ ಚೀಟಿಯಲ್ಲೂ ಅಷ್ಟೇ ಇತ್ತು.

ಐಡಿ 43 ಮಾತ್ರ ವಾಪಸ್ ಬರಲಿಲ್ಲ. ಐಡಿಗಳನ್ನು ತಾನಾಗಿ ಹಾಕುವ ಆಟೋನಂಬರ್ ಒಮ್ಮೆ ಕೊಟ್ಟ ನಂಬರನ್ನು ಮತ್ತೆ ತಾನಾಗಿ ಕೊಡುವುದಿಲ್ಲ. ಹಳೇ ನಂಬರನ್ನೇ ಅಪೆಂಡ್ ಕ್ವೆರಿಯಿಂದ (ಟೇಬಲ್‌ಗೆ ಸಾಲು ಸೇರಿಸುವ ಆದೇಶದಿಂದ) ಸೇರಿಸಬಹುದು ಅಂತ ಗೊತ್ತಾಗಿದ್ದು ತಿಂಗಳಾದ ಮೇಲೆ. ಅವತ್ತು ಏಳೂ ಲಾಟನ್ನು ಮೊಬೈಲ್ ಇದ್ದ ಹೆಸರಿಗೆ ಕೈಯಲ್ಲೇ ಬರೆದೆ. ಐದು ಕಾಲಿಗೆ ಪಟ್ಟಿ ಬಂತು.

ಅಂದು ರಾತ್ರಿಯೇ ಕ್ಯಾಸ್ಕೇಡ್ ಡಿಲೀಟ್ ಟಿಕ್ ತೆಗೆದೆ, ಮೊದಲನೆಯದನ್ನು ಹಾಗೇ ಉಳಿಸಿಕೊಂಡೆ. ಈಗ ಲಾಟ್ ಇರುವ ರೈತರನ್ನು ಅಳಿಸಲು ಹೋದರೆ ಆಕ್ಸೆಸ್ ಆಗೋದಿಲ್ಲ ಅನ್ನುತ್ತದೆ, ಇನ್ನೊಂದು ಟೇಬಲ್‌ನಲ್ಲಿ ಇವರ ಲೆಕ್ಕ ಇದೆ ಅಂತ. ಸಂಜೆ ಅಂಗಡಿ ಮುಚ್ಚುವ ಮೊದಲು ದಿನಾ ಫೈಲ್ ಕಾಪಿ ಮಾಡುತ್ತೇನೆ, ಹೆಸರಿನಲ್ಲಿ ತಾರೀಖು ಸೇರಿಸಿ. ಇನ್ನೊಂದು ಪೆನ್‌ಡ್ರೈವ್ ಕೇಳಿದ್ದೆ. ‘ಇರೋದು ತುಂಬೈತಾ?’ ಅಂದರು ಸಾಹುಕಾರರು. ಇರೋದು ಕಳೆದುಹೋದರೆ ಅನ್ನೋದನ್ನು ಅವರಿಗೆ ಹೇಗೆ ವಿವರಿಸಬೇಕೋ ಗೊತ್ತಾಗಲಿಲ್ಲ, ನನ್ನ ದುಡ್ಡಿನಲ್ಲೇ ತಂದೆ.

ಆದರೆ ಪ್ರಿಂಟರ್ ವಿಷಯದಲ್ಲಿ ಅವರು ಕೈ ಬಿಗಿ ಹಿಡಿಯಲಿಲ್ಲ. ಮರುದಿನವೇ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಬಿಚ್ಚಿ, ಊದಿ, ರೋಲರ್ ಒರೆಸಿ, ‘ಒಳಗೆ ಬಹಳ ಜೋಳದ ಧೂಳಿತ್ತು ಸಾಹುಕಾರ್ರೇ, ಅದ್ಕೇ ನಿಂತಿದ್ದು’ ಅಂತ 350 ರೂಪಾಯಿ ತಗೊಂಡು ಹೋದ. ಸಾಹುಕಾರರು ನನ್ನ ಕಡೆ ತಿರುಗಿ, ‘ನೋಡು, ನೀನು ಹೇಳಿದ್ದು ನಿಜ’ ಅಂದರು.