ಸಂಜೆ ಏಳಕ್ಕೆ ಎಲ್ಲಿಗೆ ಹೋಗೋದು?

ವೈನ್‌ಶಾಪ್ ಎಲ್ಲಿದೆ ಅಂತ ರಾಯಚೂರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕುಡಿತ ಬಿಟ್ಟವರು ಎಲ್ಲಿ ಸೇರುತ್ತಾರೆ ಅಂತ ಕೇಳಿ ನೋಡಿ, ‘ಯಾರಿಗ್ರಿ, ನಿಮಗೇನು?’ ಅನ್ನುತ್ತಾರೆ. ಆ ಮರುಪ್ರಶ್ನೆಗೆ ಹೆದರಿಯೇ ನಾನು ಬಹಳ ದಿನ ಯಾರನ್ನೂ ಕೇಳಲಿಲ್ಲ.

ನಾನು ರಾಜೇಂದ್ರ ಗಂಜಿನ, ಅಂದರೆ ಇಲ್ಲಿಯ ಕೃಷಿ ಮಾರುಕಟ್ಟೆಯ, ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಹತ್ತಿ ಗಾಡಿಗಳು, ಟೆಂಡರು, ತೂಕ, ಹಮಾಲಿ, ಪಟ್ಟಿ. ಅಲ್ಲಿಯವರೆಗೂ ಮನಸ್ಸು ಕೆಲಸದಲ್ಲಿರುತ್ತದೆ. ಸಂಜೆ ಖಾತೆ ಪುಸ್ತಕ ಮುಚ್ಚಿದ ಮೇಲೆ ಕಾಲು ಎತ್ತ ತಿರುಗುತ್ತದೆ ಅನ್ನುವುದೇ ನನ್ನ ಇಡೀ ಸಮಸ್ಯೆ.

ಮೊದಲು ಆಸ್ಪತ್ರೆಯ ಮಾತು. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುವುದಷ್ಟೇ ಅಲ್ಲ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಕುತ್ತಾಗಬಹುದು. ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸುವ ಧೈರ್ಯ ಮನೆಯವರು ಮಾಡಬೇಡಿ. ನಮ್ಮ ಕಡೆ ಸೇಂದಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸುವ ಚಾಳಿ ಇದೆಯಲ್ಲ, ಅದನ್ನು ಒಮ್ಮೆಲೇ ಬಿಟ್ಟರೂ ಮೈಮನಸ್ಸು ಕೆಡುತ್ತದೆ. ಡಾಕ್ಟರ ಮುಂದೆ ‘ಬರೇ ಸೇಂದಿರಿ’ ಅಂದು ಮುಗಿಸದೆ ಪೌಡರಿನ ಮಾತೂ ಹೇಳಿ. ನನಗೆ ಕೆಲವು ದಿನ ಅಡ್ಮಿಟ್ ಮಾಡಿಕೊಂಡು, ನಿದ್ದೆಯ ಗುಳಿಗೆಯಂಥದ್ದನ್ನು ದಿನದಿನಕ್ಕೆ ಇಳಿಸುತ್ತ ಕೊಟ್ಟರು, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಮೈ ಸರಿಯಾಯಿತು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಸಂಜೆ ಏಳಕ್ಕೆ ಏನು ಮಾಡಬೇಕು ಅಂತ ಬರೆದಿರಲಿಲ್ಲ.

ಅವ್ವ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗು ಅಂದಳು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಊರಲ್ಲೇ ಕೂಡುವ ಏರ್ಪಾಡೂ ಅವರಲ್ಲಿದೆ. ಒಳ್ಳೆಯದೇ, ಆದರೆ ಸೀಸನ್ನಿನಲ್ಲಿ ವಾರಗಟ್ಟಲೆ ಅಂಗಡಿ ಬಿಡುವ ಹಾಗಿರಲಿಲ್ಲ. ಬಳ್ಳಾರಿಯಲ್ಲಿ ಕುಡಿತ ಬಿಟ್ಟವರ ಸಭೆ ಹುಡುಕಿಕೊಂಡರೆ ಗುರುತಿನವರ ಕಾಟ ಇರುವುದಿಲ್ಲ ಅಂತಲೂ ಯೋಚಿಸಿದೆ. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ತಿಂಗಳಿಗೊಮ್ಮೆ ಬಸ್ ಹತ್ತಿ ಹೋಗುವ ಸಭೆ ದಿನದಿನದ ಸಂಜೆಗೆ ಯಾವ ಉಪಯೋಗ? ನಡೆದು ಹೋಗುವಷ್ಟು ಹತ್ತಿರದ್ದೇ ಬೇಕಿತ್ತು, ಗುರುತಿನವರು ಸಿಕ್ಕರೂ ಸರಿ.

ಕೊನೆಗೆ ವಾರ್ಡಿನಲ್ಲಿ ಪರಿಚಯವಾದವರೊಬ್ಬರು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಅನ್ನುವ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟದ ಸದಸ್ಯರ ನಂಬರ್ ಕೊಟ್ಟರು. ಹಾಗೆ ಯಾರೂ ಸಿಗದಿದ್ದರೆ 14446ಕ್ಕೆ ಕೇಳಿ, ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಮನಸ್ಸು ತೀರಾ ಕೆಟ್ಟಾಗ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಫೋನ್ ಎತ್ತಿದವರು ಹೆಸರು, ಜಾತಿ, ಓಣಿ ಏನೂ ಕೇಳಲಿಲ್ಲ.

‘ಇವತ್ತು ತಗೊಂಡೀರೇನ್ರಿ?’

‘ಇನ್ನೂ ಇಲ್ರಿ.’

‘ಹಂಗಾದ್ರ ಏಳಕ್ಕ ಬರ್ರಿ. ತಗೊಂಡಿದ್ರೂ ಬರ್ರಿ, ಗದ್ಲ ಮಾಡಬ್ಯಾಡ್ರಿ ಅಷ್ಟ.’

ಅದೊಂದು ಶಾಲೆಯ ಕೋಣೆ. ಗೋಡೆಗೆ ಮಗ್ಗಿ ಚಾರ್ಟು, ಮೊಣಕಾಲು ಎದೆಗೆ ತಾಗುವಂಥ ಬೆಂಚು. ಒಳಗೆ ಕಾಲಿಟ್ಟರೆ ಚಹಾ ಹಂಚುತ್ತಿದ್ದವರು ನಮ್ಮ ಗಂಜಿನವರೇ! ವಾರವಾರ ನನ್ನ ಕೈಯಿಂದ ದುಡ್ಡು ಎಣಿಸಿಕೊಂಡು ಹೋಗುವವರು. (ಯಾವ ಕೆಲಸ ಅಂತ ಬರೆಯುವುದಿಲ್ಲ, ಗಂಜಿನವರು ಓದಿದರೆ ಹಿಡಿದುಬಿಡುತ್ತಾರೆ.) ಅವರು ಕಪ್ಪು ಕೈಗಿಟ್ಟು ‘ಇಲ್ಲಿ ಕೂಡ್ರಿ, ಫ್ಯಾನ್ ಗಾಳಿ ಬರ್ತದ’ ಅಂದರು, ಅಷ್ಟೇ.

ರಿಜಿಸ್ಟರ್ ಇಲ್ಲ, ಫೀಸು ಇಲ್ಲ. ಖರ್ಚಿಗೆ ಕೊನೆಯಲ್ಲಿ ಒಂದು ಚೀಲ ಸುತ್ತುತ್ತದೆ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವ ಹಾಗಿಲ್ಲ. ಉಪದೇಶವೇ ಇಲ್ಲದ ಒಂದು ತಾಸು! ಮನೆ, ಮಠ, ಬೀಗರು, ಎಲ್ಲರಿಂದ ಬುದ್ಧಿಮಾತು ಕೇಳಿ ಕಿವಿ ತೂತಾಗಿದ್ದವನಿಗೆ ಅದೇ ದೊಡ್ಡ ಔಷಧ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ ಅಂತ ಓದಿ ಹೇಳಿದರು.

ಎಎ ಹುಟ್ಟಿದ ಕಥೆಯನ್ನೂ ಅಲ್ಲೇ ಕೇಳಿದೆ. 1935ರಲ್ಲಿ ಬಿಲ್ ಎಂಬ ಷೇರು ವ್ಯವಹಾರದವನು ಅಮೆರಿಕದ ಆಕ್ರನ್ ಊರಿಗೆ ಬಂದು, ವ್ಯವಹಾರ ಕೈಕೊಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಅಲ್ಲೇ ಬಾರ್ ಇತ್ತು. ಅವನು ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಯಾರಾದರೂ ಸಿಗುತ್ತಾರಾ ಅಂತ ಹುಡುಕಿದ. ಸಿಕ್ಕವರು ಬಾಬ್ ಎಂಬ ಸರ್ಜನ್. ಗಂಜಿನ ಗುಮಾಸ್ತನಿಗೂ ಷೇರು ದಲಾಲನಿಗೂ ಸಂಜೆಯ ಕಷ್ಟ ಒಂದೇ ನೋಡಿ.

ಅಂಗಡಿಗಳನ್ನೇ ಮುಚ್ಚಿಸಬೇಕಲ್ಲವೇ ಅಂತ ನಾದಿನಿ ಜಗಳಕ್ಕೆ ಬರುತ್ತಾಳೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಣ್ಣುಮಕ್ಕಳಲ್ಲಿ ನಮ್ಮ ಜಿಲ್ಲೆಯವರೂ ಇದ್ದರು, ಅವರ ಸಿಟ್ಟು ನ್ಯಾಯವಾದದ್ದೇ. ಎಎ ಮಾತ್ರ ಆ ವಾದದಲ್ಲಿ ಯಾವ ಪಕ್ಷವನ್ನೂ ಹಿಡಿಯುವುದಿಲ್ಲ. 2007ರಲ್ಲಿ ಸಾರಾಯಿ ನಿಂತಾಗ ನಮ್ಮಪ್ಪ ವಿಸ್ಕಿಯ ನೈಂಟಿ ಹಿಡಿದದ್ದನ್ನು ಕಂಡ ನನಗೂ ಆ ಸುಮ್ಮನಿರುವಿಕೆ ಹಿಡಿಸಿತು.

ನಮ್ಮಲ್ಲಿ ದಿನಾ ಸಭೆ ಇಲ್ಲ. ಇಲ್ಲದ ಸಂಜೆ ಗಂಜಿನವರಿಗೆ ಫೋನ್ ಮಾಡುತ್ತೇನೆ, ಅವರು ಎತ್ತದಿದ್ದರೆ ಇನ್ನೊಬ್ಬರಿಗೆ. ಸಾಹುಕಾರರ ಕಣ್ಣಿಗೆ ಬಿದ್ದರೂ ಇರಲಿ ಅಂತ ಎಲ್ಲರನ್ನೂ ‘ಹತ್ತಿಕಾಳು 1’, ‘ಹತ್ತಿಕಾಳು 2’ ಅಂತ ಸೇವ್ ಮಾಡಿಕೊಂಡಿದ್ದೇನೆ. ಮೊನ್ನೆ ಸಾಹುಕಾರರು ಮೊಬೈಲ್ ನೋಡಿ, ರೇಟು ಏನಂತ ವಿಚಾರಿಸಿದರು.