160 ಎಕರೆಯ ಲೆಕ್ಕದಲ್ಲಿ ನೀರು ಎಲ್ಲಿತ್ತು?

1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯನ್ನು ಓದಿದವರಿಗೆ ಅದು ಬಹಳ ಉದಾರವಾದ ಕಾನೂನು ಎನಿಸುವುದು ಸಹಜ. 21 ವರ್ಷ ತುಂಬಿದ ಅಥವಾ ಕುಟುಂಬದ ಹೊಣೆ ಹೊತ್ತ ಯಾವ ಪ್ರಜೆಯಾದರೂ, ಪ್ರಜೆಯಾಗುವ ಇಚ್ಛೆಯನ್ನು ಬರೆದುಕೊಟ್ಟ ವಲಸಿಗನಾದರೂ, ಅಲ್ಪ ಶುಲ್ಕ ಕಟ್ಟಿ ಸರ್ಕಾರದ 160 ಎಕರೆ ಜಮೀನನ್ನು ಹಿಡಿಯಬಹುದಾಗಿತ್ತು. ಐದು ವರ್ಷ ಅಲ್ಲಿಯೇ ವಾಸವಿದ್ದು ಸಾಗುವಳಿ ಮಾಡಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ಈ ಕಾಯ್ದೆಯಡಿ ಕಾಲಕ್ರಮದಲ್ಲಿ ಸುಮಾರು 16 ಲಕ್ಷ ಹಿಡುವಳಿಗಳಿಗೆ ಒಟ್ಟು 27 ಕೋಟಿ ಎಕರೆ, ಅಂದರೆ ಆ ದೇಶದ ನೆಲದ ಹತ್ತರಲ್ಲೊಂದು ಭಾಗ, ಹಂಚಿಹೋಯಿತು. ಎರಡೂಕಾಲು ಎಕರೆಗೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವ ನಮ್ಮ ಮುಳಬಾಗಿಲು ತಾಲ್ಲೂಕಿನವರಿಗೆ 160 ಎಕರೆ ಎಂದರೆ ಜಹಗೀರೇ ಸರಿ. ಹಾಗಿದ್ದರೂ ಕಾನ್ಸಾಸ್ ಮತ್ತು ನೆಬ್ರಾಸ್ಕಾಗಳ ಪಶ್ಚಿಮ ಭಾಗಕ್ಕೆ ಹೋಗಿ ನೆಲೆಸಿದವರಲ್ಲಿ ಎಷ್ಟೋ ಕುಟುಂಬಗಳು ಅಷ್ಟು ಜಮೀನಿನಲ್ಲಿ ಹೊಟ್ಟೆ ಹೊರೆಯಲಾಗದೆ ಗಂಟುಮೂಟೆ ಕಟ್ಟಿದವು. ಅಮೆರಿಕದ ಪಶ್ಚಿಮದತ್ತ ನಡೆದ ವಲಸೆಯನ್ನು ಬಂದೂಕು, ಕುದುರೆ, ಚಿನ್ನಗಳ ಕಥೆಯಾಗಿಯೇ ಕೇಳಿ ಬೆಳೆದ ನನಗೆ, ಕೋಲಾರದ ನೆಲದ ಮೇಲೆ ನಿಂತು ನೋಡಿದಾಗ ಅದು ಮುಖ್ಯವಾಗಿ ನೀರಿನ ಲೆಕ್ಕ ತಪ್ಪಿದ ಭೂಹಂಚಿಕೆಯ ಕಥೆಯಾಗಿ ಕಾಣುತ್ತದೆ.

160 ಎಂಬ ಅಂಕಿ ಬಂದದ್ದು ಅಳತೆಯ ಸರಪಳಿಯಿಂದ. 1785ರ ಭೂ ಆಜ್ಞೆಯ ಪ್ರಕಾರ ಪಶ್ಚಿಮದ ಭೂಮಿಯನ್ನೆಲ್ಲ ಆರು ಮೈಲಿ ಚೌಕದ ಟೌನ್‌ಷಿಪ್‌ಗಳಾಗಿ ಭಾಗ ಮಾಡಬೇಕಿತ್ತು. ಒಂದು ಟೌನ್‌ಷಿಪ್ಪಿಗೆ 36 ತುಂಡು, ತುಂಡೊಂದಕ್ಕೆ 640 ಎಕರೆ, ಅದರ ಕಾಲು ಭಾಗವೇ 160. ಓಹಿಯೋದಂಥ ಒಳ್ಳೆಯ ಮಳೆಯ ಸೀಮೆಯಲ್ಲಿ ಒಂದು ಕುಟುಂಬಕ್ಕೆ ಅದು ಧಾರಾಳ. 66 ಅಡಿಯ ಗುಂಟರ್ ಸರಪಳಿ ಹಿಡಿದ ಮೋಜಣಿದಾರರು ಹೊಳೆ, ದಿಣ್ಣೆ, ಹುಲ್ಲುಗಾವಲು ಯಾವುದನ್ನೂ ಲೆಕ್ಕಿಸದೆ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ ಗೆರೆ ಎಳೆಯುತ್ತಾ ಸಾಗಿದರು. ಇಂದಿಗೂ ಆ ಪ್ರದೇಶದ ನಕ್ಷೆಯನ್ನು ನೋಡಿದರೆ ನೆಲಕ್ಕೆಲ್ಲ ಚೌಕಾಬಾರದ ಮನೆ ಬರೆದಂತಿದೆ. ಯಾರೋ ಒಬ್ಬನ ಮನೆಯೊಳಗೆ ತೊರೆ ಹರಿಯುತ್ತಿತ್ತು, ಪಕ್ಕದ ಹತ್ತು ಮನೆಗಳಿಗೆ ಹನಿ ನೀರೂ ಇರಲಿಲ್ಲ. ತೊರೆಯ ಮನೆ ಹಿಡಿದವನು ಸುತ್ತಲಿನ ಸಾವಿರಾರು ಎಕರೆ ಹುಲ್ಲುಗಾವಲಿಗೆ ದುಡ್ಡಿಲ್ಲದೆಯೇ ಒಡೆಯನಾದ.

ಇದೇ ಅಳತೆಯ ಸರಪಳಿ ನಮ್ಮ ಸೀಮೆಗೂ ಬಂದಿತ್ತು. ಮೈಸೂರು ಸಂಸ್ಥಾನದಲ್ಲಿ ಮುಂಬೈ ಪದ್ಧತಿಯ ಕಂದಾಯ ಮೋಜಣಿ ಆರಂಭವಾದದ್ದು 1863ರಲ್ಲಿ, ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ ವರ್ಷದಲ್ಲೇ. ಇಲ್ಲಿ ಬಳಸಿದ್ದು ಗುಂಟರ್ ಸರಪಳಿಯ ಅರ್ಧ, ಅಂದರೆ 33 ಅಡಿಯದು. 33 ಅಡಿ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ನೆಬ್ರಾಸ್ಕಾದ ರೈತನ ಎಕರೆಯೂ ನಮ್ಮ ಪಹಣಿಯ ಎಕರೆಯೂ ಅಂಗುಲ ವ್ಯತ್ಯಾಸವಿಲ್ಲದೆ ಒಂದೇ. ಆದರೆ ನಮ್ಮ ಊರಿನ ಗ್ರಾಮನಕ್ಷೆಯಲ್ಲಿ ಒಂದೇ ಒಂದು ನೇರ ಗೆರೆಯನ್ನು ಹುಡುಕುವುದು ಕಷ್ಟ. ಈಚೆಗೆ ನಮ್ಮ ಮನೆಯ ಜಮೀನು ಪೋಡಿಯಾದಾಗ, ಎಂದರೆ ಅಳೆದು ಪಾಲಾದಾಗ, ಸರ್ವೇಯರು ಹಳೆಯ ಟಿಪ್ಪಣಿಯ ನಕಲನ್ನು ಬದುವಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಹೆಂಟೆ ಇಟ್ಟು, ಬಾಂದುಕಲ್ಲು ಹುಡುಕತೊಡಗಿದರು. ನಮ್ಮ ಚಿಕ್ಕಪ್ಪನಿಗೆ ಗುಂಟೆಗಿಂತ ಬೇರೆಯದೇ ಚಿಂತೆ. "ಸಾರ್, ಕಲ್ಲು ಎಲ್ಲಿ ಬರುತ್ತೋ ಅಲ್ಲೇ ನೆಡಿ, ಕಾಲುವೆ ಮಾತ್ರ ನಕ್ಷೆಯಲ್ಲಿ ಇದ್ದ ಹಾಗೇ ಇರಲಿ" ಎಂದರು. "ಅದಕ್ಕೇ ಅಲ್ವಾ ಯಜಮಾನ್ರೇ ಹಳೇ ಟಿಪ್ಪಣಿ ತಂದಿರೋದು" ಎಂದರು ಸರ್ವೇಯರು. ಆ ಟಿಪ್ಪಣಿಯಲ್ಲಿ ಕೆರೆಯಂಗಳ, ತೂಬಿನ ಕಾಲುವೆ, ಕೋಡಿಹಳ್ಳ, ಗುಂಡುತೋಪು, ಖರಾಬು ಎಲ್ಲವೂ ತಮ್ಮ ತಮ್ಮ ವಕ್ರತೆಯೊಂದಿಗೆ ದಾಖಲಾಗಿದ್ದವು. ಅದನ್ನು ಬರೆಸಿದವರ ಉದ್ದೇಶ ಕಂದಾಯ ವಸೂಲಿಯೇ ಹೊರತು ಪರೋಪಕಾರವಾಗಿರಲಿಲ್ಲ, ನಿಜ. ಆದರೂ ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂದು ವಿಂಗಡಿಸಿ ಬರೆಯಬೇಕಾದರೆ ನೀರು ಎಲ್ಲಿಂದ ಬರುತ್ತದೆ ಎಂದು ಅವರು ಕೇಳಲೇಬೇಕಾಗಿತ್ತು. ಅಮೆರಿಕದ ಮೋಜಣಿ ಆ ಪ್ರಶ್ನೆಗೆ ಜಾಗವನ್ನೇ ಬಿಟ್ಟಿರಲಿಲ್ಲ.

ಅಲ್ಲಿ 100ನೇ ಪಶ್ಚಿಮ ರೇಖಾಂಶದ ಆಸುಪಾಸಿನಲ್ಲಿ ಮಳೆ ಸುಮಾರು 20 ಅಂಗುಲಕ್ಕೆ, ಎಂದರೆ 500 ಮಿಲಿಮೀಟರಿಗೆ ಇಳಿಯುತ್ತದೆ. ಅದರಾಚೆಗೆ ಪೂರ್ವದ ಪದ್ಧತಿಯ ಬೇಸಾಯ ನೆಚ್ಚುವಂಥದ್ದಲ್ಲ. ಆದರೆ 1870ರ ದಶಕದ ಕೊನೆ ಮತ್ತು 1880ರ ದಶಕದ ಮೊದಲ ಭಾಗ ಅಲ್ಲಿ ಅಪರೂಪಕ್ಕೆ ಒಳ್ಳೆಯ ಮಳೆಗಾಲಗಳು ಬಂದ ಅವಧಿ. ನೇಗಿಲು ಹೋದಲ್ಲಿಗೆ ಮಳೆಯೂ ಹೋಗುತ್ತದೆ, ಉತ್ತ ನೆಲ ಮೋಡವನ್ನು ಕರೆಯುತ್ತದೆ ಎಂಬ ವಾದವನ್ನು ಆಗ ಸ್ಯಾಮ್ಯುಯೆಲ್ ಆಘೆಯಂಥ ವಿಜ್ಞಾನದ ಅಧ್ಯಾಪಕರೂ ಹೇಳಿದರು, ಜಮೀನು ಮಾರುವವರೂ ಹೇಳಿದರು. ಸರ್ಕಾರದಿಂದ ಕೋಟಿಗಟ್ಟಲೆ ಎಕರೆ ಅನುದಾನ ಪಡೆದಿದ್ದ ರೈಲ್ವೆ ಕಂಪನಿಗಳಿಗೆ ಆ ಜಮೀನಿಗೆ ಗಿರಾಕಿ ಬೇಕಿತ್ತು, ಹಳಿಯ ಮೇಲೆ ಸಾಗಿಸಲು ಗೋಧಿಯೂ ಬೇಕಿತ್ತು. ಹೀಗಾಗಿ ಅವರ ಏಜೆಂಟರು ಯುರೋಪಿನ ಹಳ್ಳಿಗಳವರೆಗೂ ಹೋಗಿ ಜನರನ್ನು ಕರೆತಂದರು. ಎರಡು ವರ್ಷ ಮಳೆ ಚೆನ್ನಾಗಿ ಬಂದರೆ ಕೆರೆಯಂಗಳದಲ್ಲೇ ಬಡಾವಣೆಯ ಕಲ್ಲು ನೆಟ್ಟು ಮಾರುವವರನ್ನು ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. 1880ರ ದಶಕದ ಕೊನೆಯಿಂದ ಬರ ಮರುಕಳಿಸಿತು. 1890ರ ದಶಕದ ನಡುವಿನ ಹೊತ್ತಿಗೆ ಪಶ್ಚಿಮ ಕಾನ್ಸಾಸಿನ ಹಲವು ಭಾಗಗಳು ಖಾಲಿಯಾಗಿದ್ದವು.

ಇದೆಲ್ಲವನ್ನೂ ಮೊದಲೇ ಕಂಡು ಹೇಳಿದ ಒಬ್ಬ ಮನುಷ್ಯನಿದ್ದ ಎಂಬುದು ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಜಾನ್ ವೆಸ್ಲಿ ಪೊವೆಲ್ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1869ರಲ್ಲಿ ನಾಲ್ಕು ದೋಣಿಗಳ ತಂಡ ಕಟ್ಟಿಕೊಂಡು ಗ್ರೀನ್ ಮತ್ತು ಕೊಲರಾಡೊ ನದಿಗಳುದ್ದಕ್ಕೂ ಸಾಗಿ ಗ್ರ್ಯಾಂಡ್ ಕ್ಯಾನ್ಯನ್ ದಾಟಿ ಹೊರಬಂದವರು. 1878ರಲ್ಲಿ ಅವರು ಒಣಪ್ರದೇಶಗಳ ಬಗ್ಗೆ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಚೌಕದ ಪದ್ಧತಿಯನ್ನೇ ಕೈಬಿಡುವಂತೆ ಸಲಹೆ ಕೊಟ್ಟರು. ನೀರಾವರಿ ಸಾಧ್ಯವಿರುವ ಕಡೆ 80 ಎಕರೆ ಸಾಕು, ಬರೀ ಮೇವಿಗೆ ಮಾತ್ರ ಒದಗುವ ನೆಲವಾದರೆ ಒಂದು ಕುಟುಂಬಕ್ಕೆ 2,560 ಎಕರೆ ಬೇಕು, ಹಿಡುವಳಿಗಳ ಗಡಿಯನ್ನು ಪ್ರತಿಯೊಬ್ಬರಿಗೂ ನೀರು ಸಿಗುವಂತೆ ನೆಲದ ಇಳಿಜಾರು ನೋಡಿ ಹಾಕಬೇಕು, ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡೇ ಇರಬೇಕು, ರೈತರು ಗುಂಪಾಗಿ ಸೇರಿ ನೀರಿನ ನಿರ್ವಹಣೆ ಮಾಡಬೇಕು ಎಂಬುದು ಅವರ ಯೋಜನೆಯ ಸಾರ. ಕೆರೆಯ ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರಿಗೆ, ತೂಬು ಎತ್ತುವ ನೀರುಗಂಟಿಯ ಸರದಿಗಾಗಿ ರಾತ್ರಿ ಕಾದವರಿಗೆ, ಇದರಲ್ಲಿ ಹೊಸತೇನೂ ಕಾಣಲಾರದು. ವಾಷಿಂಗ್ಟನ್ನಿನಲ್ಲಿ ಮಾತ್ರ ಇದು ಬೆಳವಣಿಗೆಗೆ ಅಡ್ಡಗಾಲು ಎನಿಸಿತು. ಸಂಸತ್ತು ವರದಿಯನ್ನು ಬದಿಗಿಟ್ಟಿತು, 1890ರಲ್ಲಿ ಅವರ ನೀರಾವರಿ ಮೋಜಣಿಗೆ ಕೊಡುತ್ತಿದ್ದ ಹಣವನ್ನೂ ನಿಲ್ಲಿಸಿತು. 1893ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆದ ನೀರಾವರಿ ಸಮ್ಮೇಳನದಲ್ಲಿ, ಇರುವ ಭೂಮಿಗೆಲ್ಲ ಸಾಲುವಷ್ಟು ನೀರಿಲ್ಲ, ನೀವು ಮುಂದಿನ ಪೀಳಿಗೆಗೆ ವ್ಯಾಜ್ಯಗಳನ್ನು ಪೇರಿಸಿಡುತ್ತಿದ್ದೀರಿ ಎಂದಾಗ ಸಭಿಕರು ಅವರ ವಿರುದ್ಧ ಕೂಗೆಬ್ಬಿಸಿದರು.

ಪೊವೆಲ್ ಅವರನ್ನು ಪೂಜಿಸಲು ಹೊರಟವರು ಅದೇ ವರದಿಯಲ್ಲಿ ಇನ್ನೊಂದು ಮಾತನ್ನೂ ಓದಬೇಕಾಗುತ್ತದೆ. ಕಾಡ್ಗಿಚ್ಚು ಕಡಿಮೆಯಾಗಬೇಕಾದರೆ ಮೂಲನಿವಾಸಿಗಳನ್ನು ಅಲ್ಲಿಂದ ತೆರವುಗೊಳಿಸಬೇಕು ಎಂದು ಅವರು ಬರೆದಿದ್ದಾರೆ. ಆ ಮೂಲನಿವಾಸಿಗಳ ಭಾಷೆಗಳನ್ನು ಕಲಿತು, ಅವರ ನಡೆನುಡಿಗಳನ್ನು ದಾಖಲಿಸಲು ಸರ್ಕಾರಿ ಸಂಸ್ಥೆಯೊಂದರ ಮುಖ್ಯಸ್ಥರಾಗಿಯೂ ದುಡಿದ ವಿದ್ವಾಂಸರ ಮಾತು ಇದು. ನೀರು ಎಲ್ಲಿದೆ ಎಂದು ಕೇಳಿದವರಿಗೂ ನೆಲ ಯಾರದು ಎಂಬ ಪ್ರಶ್ನೆ ತೊಡಕೆನಿಸಲಿಲ್ಲ.

ಸರ್ಕಾರ ಹಂಚಿದ್ದು ಖಾಲಿ ಭೂಮಿಯನ್ನಲ್ಲ. 1830ರ ಕಾಯ್ದೆಯ ಹೆಸರಿನಲ್ಲಿ ಆಗ್ನೇಯದ ಚೆರೋಕೀ ಮೊದಲಾದ ಜನಾಂಗಗಳನ್ನು ಮಿಸಿಸಿಪ್ಪಿಯಾಚೆಗೆ ಅಟ್ಟಿದಾಗ, 1838ರ ಆ ನಡಿಗೆಯಲ್ಲಿ ಚೆರೋಕೀ ಜನ ಸಾವಿರಾರು ಸಂಖ್ಯೆಯಲ್ಲಿ ದಾರಿಯಲ್ಲೇ ಸತ್ತರು. 1868ರ ಫೋರ್ಟ್ ಲಾರಮಿ ಒಪ್ಪಂದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು ಲಕೋಟಾ ಜನರಿಗೆ ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಬೆಟ್ಟಗಳು ಸರ್ಕಾರದ ಪಾಲಾದವು. 1980ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ 10 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಎತ್ತಿಹಿಡಿದಾಗ, ಬೆಟ್ಟ ಮಾರಾಟಕ್ಕಿಲ್ಲ ಎಂದು ಅವರು ಹಣವನ್ನು ಮುಟ್ಟಲಿಲ್ಲ. ಕೋಟಿಗಳ ಲೆಕ್ಕದಲ್ಲಿದ್ದ ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ಕೊಂದು 1880ರ ದಶಕದ ಕೊನೆಗೆ ಕೆಲವು ನೂರಕ್ಕೆ ಇಳಿಸಿದ ಮೇಲೆ, ಅವನ್ನೇ ನಂಬಿದ್ದ ಬಯಲಿನ ಜನರಿಗೆ ಸರ್ಕಾರದ ಪಡಿಗೆ ಕೈಯೊಡ್ಡದೆ ಬೇರೆ ದಾರಿ ಉಳಿಯಲಿಲ್ಲ.

ಯುದ್ಧಗಳಿಗಿಂತ ಹೆಚ್ಚು ಭೂಮಿಯನ್ನು ನುಂಗಿದ್ದು 1887ರ ಡಾಸ್ ಕಾಯ್ದೆಯ ಕಾಗದಪತ್ರ ಎಂದೇ ನನ್ನ ಅಭಿಪ್ರಾಯ. ಜನಾಂಗಕ್ಕೆ ಒಟ್ಟಾಗಿ ಸೇರಿದ್ದ ನೆಲವನ್ನು ಅದು ಕುಟುಂಬಕ್ಕೆ 160 ಎಕರೆಯಂತೆ ಪಾಲು ಮಾಡಿತು, ಉಳಿದದ್ದನ್ನು ಹೆಚ್ಚುವರಿ ಎಂದು ಘೋಷಿಸಿ ಹೊರಗಿನವರಿಗೆ ತೆರೆಯಿತು. 1887ರಲ್ಲಿ ಸುಮಾರು 13.8 ಕೋಟಿ ಎಕರೆಯಷ್ಟಿದ್ದ ಮೂಲನಿವಾಸಿಗಳ ಭೂಮಿ 1934ರ ವೇಳೆಗೆ 4.8 ಕೋಟಿಗೆ ಇಳಿದಿತ್ತು. ಗೋಮಾಳವನ್ನು ಮೊದಲು ಸರ್ಕಾರಿ ಎಂದು ಬರೆದುಕೊಂಡು, ಆಮೇಲೆ ಒಂದೊಂದೇ ತುಂಡನ್ನು ಯಾರ್ಯಾರಿಗೋ ಮಂಜೂರು ಮಾಡುವುದನ್ನು ನೋಡಿದ ಕುರಿಗಾಹಿಗಳಿಗೆ ಇದರ ಒಳಗುಟ್ಟನ್ನು ವಿವರಿಸಬೇಕಾಗಿಲ್ಲ.

ಇನ್ನು ನೆಲದ ಗತಿ. ಸಂಸತ್ತು 1909ರಲ್ಲಿ ಹಿಡುವಳಿಯನ್ನು 320 ಎಕರೆಗೂ, 1916ರಲ್ಲಿ ಜಾನುವಾರು ಸಾಕಣೆಗೆಂದು 640ಕ್ಕೂ ಏರಿಸಿತು. ತಡವಾಗಿ ಬಂದ ಈ ತಿದ್ದುಪಡಿ, ಉಳಿದಿದ್ದ ಒಣ ಹುಲ್ಲುಗಾವಲನ್ನೂ ನೇಗಿಲಿಗೆ ಒಡ್ಡಿತು. ಮೊದಲ ಮಹಾಯುದ್ಧದ ಗೋಧಿ ಬೆಲೆ ಮತ್ತು ಟ್ರ್ಯಾಕ್ಟರು ಉಳಿದ ಕೆಲಸ ಮುಗಿಸಿದವು. ಸಾವಿರಾರು ವರ್ಷಗಳಿಂದ ಮಣ್ಣನ್ನು ಹಿಡಿದಿಟ್ಟಿದ್ದ ಬೇರು ಹೋದ ಮೇಲೆ 1930ರ ದಶಕದ ಬರದಲ್ಲಿ ಆ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿ ಹಾಡಹಗಲಲ್ಲೇ ಕತ್ತಲು ಕವಿಸಿತು. ಆ ದಶಕದಲ್ಲಿ ಬಯಲುಸೀಮೆಯ ರಾಜ್ಯಗಳನ್ನು ಬಿಟ್ಟು ಹೋದವರು ಸುಮಾರು 25 ಲಕ್ಷ.

ಆಮೇಲೆ ಅಲ್ಲಿಯೂ ಜನ ಪಾತಾಳದ ಕಡೆ ನೋಡಿದರು. ದಕ್ಷಿಣ ಡಕೋಟಾದಿಂದ ಟೆಕ್ಸಾಸಿನವರೆಗೆ ಎಂಟು ರಾಜ್ಯಗಳ ಅಡಿಯಲ್ಲಿ ಹರಡಿರುವ ಒಗಲಾಲಾ ಅಂತರ್ಜಲವನ್ನು ಎರಡನೇ ಮಹಾಯುದ್ಧದ ನಂತರ ಭಾರಿ ಪಂಪುಗಳಿಂದ ಎತ್ತತೊಡಗಿದರು. ನಡುವಿನ ಕಂಬದ ಸುತ್ತ ಗಾಲಿಗಳ ಮೇಲೆ ತಿರುಗುತ್ತಾ ನೀರೆರಚುವ ಯಂತ್ರಕ್ಕೆ ಫ್ರಾಂಕ್ ಜೈಬಾಕ್ ಎಂಬ ರೈತ 1952ರಲ್ಲಿ ಪೇಟೆಂಟ್ ಪಡೆದರು. ಉಪಗ್ರಹ ಚಿತ್ರದಲ್ಲಿ ಕಾನ್ಸಾಸಿನ ಗಾರ್ಡನ್ ಸಿಟಿಯ ಸುತ್ತಮುತ್ತ ನೋಡಿದರೆ ಹಳೆಯ ಚೌಕಗಳೊಳಗೆ ಹಸಿರು ವೃತ್ತಗಳು ಕೂತಿವೆ. ಕಾಲು ತುಂಡಿನ ಚೌಕದಲ್ಲಿ ಸುಮಾರು 130 ಎಕರೆ ನೆನೆಯುತ್ತದೆ, ನಾಲ್ಕು ಮೂಲೆಗಳು ಒಣಗಿಯೇ ಇರುತ್ತವೆ. ಪಶ್ಚಿಮ ಕಾನ್ಸಾಸ್ ಮತ್ತು ಟೆಕ್ಸಾಸಿನ ಕೆಲವು ಕಡೆ ನೀರಿನ ಮಟ್ಟ 100 ಅಡಿಗೂ ಹೆಚ್ಚು ಕುಸಿದಿದೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಅಂಗೈಯಲ್ಲಿಟ್ಟು ಪಾಯಿಂಟು ತೋರಿಸುವವರನ್ನು ನಂಬಿ ಟೊಮ್ಯಾಟೊ ತೋಟಕ್ಕೆ 1,200 ಅಡಿ ಕೊರೆಸಿ ಬರೀ ಕಲ್ಲುಪುಡಿ ಕಂಡವರು ಊರಿಗೊಬ್ಬರಲ್ಲ, ಬೀದಿಗೊಬ್ಬರಿದ್ದಾರೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಗಲಾಲಾದ ರೈತರಿಗೆ ಅಂಥ ಮಹಾನಗರವೂ ಹತ್ತಿರದಲ್ಲಿಲ್ಲ.

ಪೊವೆಲ್ ಹೇಳಿದ ವ್ಯಾಜ್ಯಗಳು ಬಂದೇ ಬಂದವು. ಪಶ್ಚಿಮದ ರಾಜ್ಯಗಳಲ್ಲಿ ಮೊದಲು ನೀರು ಬಳಸಿದವನಿಗೇ ಮೊದಲ ಹಕ್ಕು ಎಂಬ ನಿಯಮ ನೆಲೆಯೂರಿತು. ಎಲ್ಲರಿಗಿಂತ ಮೊದಲು ಅಲ್ಲಿದ್ದವರ ಹೆಸರು ಆ ಸರದಿಯಲ್ಲಿ ಇರಲಿಲ್ಲ. 1908ರ ವಿಂಟರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮೂಲನಿವಾಸಿಗಳಿಗೆ ಮೀಸಲು ಭೂಮಿ ಕೊಟ್ಟಾಗ ಅದಕ್ಕೆ ಬೇಕಾದ ನೀರೂ ಮೀಸಲಾಗಿಯೇ ಇರುತ್ತದೆ ಎಂದು ಹೇಳಿತು. ಆದರೂ 1922ರಲ್ಲಿ ಏಳು ರಾಜ್ಯಗಳು ಕೊಲರಾಡೊ ನದಿಯನ್ನು ಹಂಚಿಕೊಳ್ಳಲು ಕೂತಾಗ ಅವರನ್ನು ಕರೆಯಲಿಲ್ಲ, ಹಂಚಿಕೆಯ ಲೆಕ್ಕಕ್ಕೆ ಹಿಡಿದದ್ದೂ ಹೆಚ್ಚು ಮಳೆ ಬಿದ್ದ ವರ್ಷಗಳ ನೀರನ್ನೇ. ಹರಿಯುವ ನೀರನ್ನು ದೂರದಲ್ಲಿ ಕೂತು ಬರೆದ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಎಂಬುದು ನಮಗೂ ಗೊತ್ತು. 1892ರ ಮೈಸೂರು-ಮದರಾಸು ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಮತ್ತು ಎರಡೂ ಪಿನಾಕಿನಿಗಳಿದ್ದವು, ಹಾಗಾಗಿ ಅವುಗಳ ಮೇಲೆ ಹೊಸ ನೀರಾವರಿ ಕಾಮಗಾರಿಗೆ ಮದರಾಸಿನ ಸಮ್ಮತಿ ಬೇಕಿತ್ತು.

ನವಾಹೋ ಎಂಬ ಮೂಲನಿವಾಸಿ ಜನಾಂಗದ ನೀರಿನ ಮೊಕದ್ದಮೆ 2023ರ ಜೂನಿನಲ್ಲಿ ತೀರ್ಮಾನವಾಯಿತು. 1868ರ ಒಪ್ಪಂದದಲ್ಲಿ ಅವರಿಗೆ ನೆಲ, ಬಿತ್ತನೆ ಬೀಜ, ಬೇಸಾಯದ ಉಪಕರಣಗಳ ಭರವಸೆಯಿತ್ತು. ಅವರಿಗೆ ನೀರು ಒದಗಿಸಲು ಕ್ರಮ ಕೈಗೊಳ್ಳುವ ಹೊಣೆಯನ್ನು ಆ ಒಪ್ಪಂದ ಸರ್ಕಾರದ ಮೇಲೆ ಹೊರಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗಾರ್ಸಚ್ ಅವರ ಪ್ರಕಾರ ನವಾಹೋ ಜನ ಕೇಳಿದ್ದು ಬಹಳ ಸಣ್ಣ ಕೋರಿಕೆ: ತಮ್ಮ ಪರವಾಗಿ ಸರ್ಕಾರ ಹಿಡಿದಿಟ್ಟಿರುವ ನೀರಿನ ಹಕ್ಕು ಯಾವುದು ಎಂದು ಗುರುತಿಸಿ ಹೇಳಬೇಕು, ಅಷ್ಟೇ.